ಅಪ್ಪನಿಲ್ಲದ ಚೌಕಾಸಿ

ಅಪ್ಪಾ,

ಬೇಕರಿ ಉಳಿಯಿತು. ಚೀಟಿ ಎತ್ತಿ ಸಾಲ ತೀರಿಸಿದೆ. ಯಾವ ಸಾಲ ಅಂತೀಯಾ? ಕೇಳು, ಆಮೇಲೆ ಬೈಯುವೆಯಂತೆ.

ನಿನ್ನ ಆಪರೇಷನ್ನೆಲ್ಲ ಸರ್ಕಾರದ ಕಾರ್ಡಿನಲ್ಲೇ ಆಯಿತು ಅಂತ ಹೊಸದುರ್ಗದ ತುಂಬ ಹೇಳಿಕೊಂಡು ತಿರುಗಿದೆಯಲ್ಲ, ಅದು ನಾನು ನಿನಗೆ ಹೇಳಿದ ಸುಳ್ಳು. ಅಂಗಡಿಗೆ ಸ್ಕ್ಯಾನರ್ ಕೊಟ್ಟ ಕಂಪನಿಯಿಂದ ಮೂರು ಲಕ್ಷ ಮುಂಗಡ ತೆಗೆದುಕೊಂಡಿದ್ದೆ. ಗಿರಾಕಿಗಳು ಸ್ಕ್ಯಾನ್ ಮಾಡಿ ಹಾಕಿದ ದುಡ್ಡಿನಲ್ಲಿ ಅವರು ದಿನಾ ತಮ್ಮ ಪಾಲು ಮುರಿದುಕೊಂಡು, ಮಿಕ್ಕದ್ದು ನಮಗೆ ಬಿಡುತ್ತಿದ್ದರು. ನೀನು ಹೋದಾಗ ಹದಿನೈದು ದಿನ ಬಾಗಿಲು ಹಾಕಿದೆ. ಕಂತು ತಪ್ಪಿ, ದಂಡ ಬೆಳೆದು, ಕೊನೆಗೆ ಮೈದಾ ತರಿಸಲೂ ಕೈಯಲ್ಲಿ ಕಾಸಿಲ್ಲದಂತಾಯಿತು. ಒಂದೇ ಸಲಕ್ಕೆ ಕಟ್ಟುತ್ತೇನೆ, ಕಡಿಮೆ ಮಾಡಿ ಅಂತ ಫೋನ್ ಮಾಡಿದೆ.

ಹಿರಿಯೂರಿನ ಕುರಿ ಸಂತೆಯಲ್ಲಿ ಟವೆಲಿನಡಿ ಬೆರಳು ಹಿಡಿದು ದರ ತಿಳಿಸಿ ನೀನು ಸುಮ್ಮನಾಗಿಬಿಡುತ್ತಿದ್ದೆ. "ಸಂತೇಲಿ ಮನೆ ಕಷ್ಟ ಹೇಳ್ಕಬಾರ್ದವ್ವ, ದರ ಬಿದ್ದೋಗ್ತೈತೆ" ಅನ್ನುತ್ತಿದ್ದೆ. ನಾನೂ ಹಾಗೇ ಮಾಡಿದೆ. "ಒಂದು ಲಕ್ಷ ಕಟ್ತೀನಿ ಸರ್, ಮುಗಿಸ್ಬಿಡ್ರಿ" ಅಂದವಳೇ ಬಾಯಿ ಮುಚ್ಚಿ ಕೂತೆ. ಆ ಕಡೆಯ ಆಫೀಸರು "ಹಲೋ, ಕೇಳಿಸ್ತಿದೆಯಾ ಮೇಡಂ?" ಅಂತ ನಾಲ್ಕು ಸಲ ಕೂಗಿ, ಸಿಗ್ನಲ್ ಹೋಯಿತೆಂದು ಇಟ್ಟೇಬಿಟ್ಟರು. ನಿನ್ನ ವಿದ್ಯೆ ಫೋನಿನಲ್ಲಿ ನಡೆಯುವುದಿಲ್ಲ.

ಮತ್ತೆ ಮಾಡಿದಾಗ ಅವರೇ ದಾರಿ ತೋರಿಸಿದರು: "ಮನೇಲಿ ಏನಾದ್ರೂ ತೊಂದರೆ ಆಗಿದ್ರೆ ದಾಖಲೆ ಕಳಿಸಿ ಮೇಡಂ. ಅದನ್ನಿಟ್ಕೊಂಡು ಕಡಿಮೆ ಮಾಡಿಸ್ಬಹುದು." ಆಸ್ಪತ್ರೆಯ ಬಿಲ್ಲು, ನಿನ್ನ ಡೆತ್ ಸರ್ಟಿಫಿಕೇಟು ಎರಡನ್ನೂ ಫೋಟೋ ತೆಗೆದೆ. ಕಳಿಸುವ ಮುಂಚೆ ಸ್ವಲ್ಪ ಹೊತ್ತು... ಬಿಡು, ಕಳಿಸಿದೆ. ಬಾಕಿ ಒಂದು ಲಕ್ಷ ತೊಂಬತ್ತು ಸಾವಿರ ಇದ್ದದ್ದು ಒಂದು ನಲವತ್ತಕ್ಕೆ ಬಂತು. ಸಂತೆಯಲ್ಲಿ ನೀನು ಯಾವತ್ತಾದರೂ ಒಂದೇ ಏಟಿಗೆ ಐವತ್ತು ಸಾವಿರ ಇಳಿಸಿದ್ದೆಯಾ?

ಫೋನ್ ಇಡುವಾಗ ಅವರು ಮೆತ್ತಗೆ, "ತಂದೆಯವ್ರು ಏನ್ ಮಾಡ್ತಿದ್ರು ಮೇಡಂ?" ಅಂತ ಕೇಳಿದರು. ಕುರಿ ವ್ಯಾಪಾರ ಅನ್ನಲು ಹೋಗಿ ಜೋರಾಗಿ ಅತ್ತುಬಿಟ್ಟೆ. ನಿನ್ನನ್ನು ಮಣ್ಣು ಮಾಡಿದ ದಿನವೂ ನಾನು ಅತ್ತಿರಲಿಲ್ಲ, ಬಂದವರಿಗೆ ಕಾಫಿ ಸಾಲುತ್ತದೋ ಇಲ್ಲವೋ ನೋಡಿಕೊಳ್ಳುತ್ತಿದ್ದೆ. ಅವರು ಕಾದರು. ಆಮೇಲೆ, "ಅಳ್ಬೇಡಿ ಮೇಡಂ, ಇನ್ನೂ ಹತ್ತು ಸಾವಿರ ಬಿಡಿಸ್ತೀನಿ" ಅಂದರು.

ಅದು ಚೌಕಾಸಿಯ ಅಳುವಲ್ಲ ಅಂತ ಹೇಳಬೇಕಿತ್ತು. ಹೇಳಲಿಲ್ಲ, ಅಪ್ಪಾ. ಥ್ಯಾಂಕ್ಸ್ ಸರ್ ಅಂದೆ.