ಮೊದಲು ಸರಿದವರು ಯಾರು

ಮಂಜಲ್‌ಪುರ, ವಡೋದರಾ
20 ಜುಲೈ 2025

ಪ್ರೀತಿಯ ಅಮ್ಮನಿಗೆ, ವಿಂಧ್ಯಾ ಮಾಡುವ ನಮಸ್ಕಾರ.

ಫೋನಿನಲ್ಲಾದರೆ ಮತ್ತೆ ಸುಳ್ಳು ಹೇಳಿಬಿಡುತ್ತೇನೆ, ಅದಕ್ಕೇ ಬರೆಯುತ್ತಿದ್ದೇನೆ. ಹೋದ ಭಾನುವಾರ ನಾನು ಸ್ಯಾಟಲೈಟ್ ಬಡಾವಣೆಯ ನಮ್ಮ ಮನೆಗೆ ಬಂದಾಗ ನೀನು ನನ್ನ ಬಾಯಿಯ ವಾಸನೆ ಹಿಡಿದು, ಚಾತುರ್ಮಾಸ್ಯದಾಗ ಬಳ್ಳೊಳ್ಳಿ ತಿಂದು ದೇವರ ಮನಿ ಹೊಸ್ತಿಲಾ ದಾಟಬ್ಯಾಡ ಅಂದೆ. ನಾನು ಮೆಸ್‌ನ ಪಲ್ಯದ ಮೇಲೆ ತಪ್ಪು ಹೊರಿಸಿ ಹೊರಗೇ ಕುಳಿತೆ. ಅಮ್ಮ, ನಾನು ಬೆಳ್ಳುಳ್ಳಿ ಮುಟ್ಟಿಲ್ಲ.

ನನ್ನ ಕೆಲಸವೇನೆಂದು ಎಷ್ಟೋ ಸಲ ಕೇಳಿದ್ದೀ. ಚಿರೋಟಿಯಂತೆ ಪದರ ಪದರವಾಗಿರುವ ಒಂದು ಲೋಹದ ಹರಳು ಬೆಳೆಸುತ್ತೇನೆ. ಅದನ್ನು ವಿಪರೀತ ತಣ್ಣಗೆ ಮಾಡಿದರೆ, ಒಳಗೆ ಸಮನಾಗಿ ಹರಡಿದ್ದ ಎಲೆಕ್ಟ್ರಾನುಗಳು ಒಂದೆಡೆ ದಟ್ಟವಾಗಿ, ಇನ್ನೊಂದೆಡೆ ತೆಳುವಾಗಿ ಅಲೆ ಕಟ್ಟಿ ನಿಲ್ಲುತ್ತವೆ. ಪರಮಾಣುಗಳೂ ತುಸುವೇ ಜಾಗ ಬದಲಿಸುತ್ತವೆ. ಮಠದ ಊಟದ ಪಂಕ್ತಿಯಲ್ಲಿ ಒಬ್ಬರು ಸರಿದರೆ ಸಾಲೆಲ್ಲ ಸರಿಯುತ್ತದಲ್ಲ, ಹಾಗೆ. ಮೊದಲು ಸರಿದವರು ಯಾರು, ಎಲೆಕ್ಟ್ರಾನೋ ಪರಮಾಣುವೋ, ಅದೇ ಜಗಳ. ಪರಮಾಣುವೇ ಎಂದು ನನ್ನ ಹರಳು ಹೇಳುತ್ತಿದೆ. ಇನ್ನೊಂದು ಹರಳಿನಲ್ಲೂ ಹಾಗೇ ಕಂಡರೆ ನನ್ನ ಪಿಎಚ್‌ಡಿಯ ಐದು ವರ್ಷ ಸಾರ್ಥಕ.

ಅದಕ್ಕೆ ಸೆಲೆನಿಯಂ ಎಂಬ ಬೂದು ಪುಡಿ ಬೇಕು. ಗಾಜಿನ ಕೊಳವೆಯಲ್ಲಿ ಮುಚ್ಚಿ ಕುಲುಮೆಗೆ ಇಡುತ್ತೇನೆ. ಜೂನ್‌ನಲ್ಲಿ ಎರಡು ಕೊಳವೆ ಒಡೆದವು. ಹೊಗೆ ಎಳೆಯುವ ಫ್ಯಾನ್ ಕೆಟ್ಟು ತಿಂಗಳಾಗಿದೆ. ಗೈಡ್ ಕೃಷ್ಣಮೂರ್ತಿ ಸರ್‌ಗೆ ಹೇಳಿದರೆ ಲ್ಯಾಬ್‌ಗೆ ಬೀಗ ಬೀಳುತ್ತದೆಂದು ನಾನೇ ಗುಡಿಸಿ ಸುಮ್ಮನಾದೆ. ಆ ಪುಡಿ ಮೈಗೆ ಸೇರಿದರೆ ಉಸಿರಿಗೆ ಬೆಳ್ಳುಳ್ಳಿ ವಾಸನೆ ಬರುತ್ತದೆಂದು ಗೊತ್ತಿತ್ತು. ಗೊತ್ತಿದ್ದೂ ನಿನ್ನ ಬೈಗುಳವೇ ವಾಸಿ ಅನ್ನಿಸಿತು. ಈಗ ಉಗುರುಗಳಲ್ಲಿ ಬಿಳಿ ಗೆರೆ ಬಿದ್ದಿವೆ, ಬಾಚಣಿಗೆ ತುಂಬ ಕೂದಲು. ಹೆದರಿಕೆಯಾಗುತ್ತಿದೆ ಅಮ್ಮ. ಆದರೂ ಶುಕ್ರವಾರ ಇನ್ನೊಂದು ಕೊಳವೆ ಹೊರತೆಗೆಯಬೇಕು. ಅದಾದ ಮೇಲೆ ಡಾಕ್ಟರ ಹತ್ತಿರ ಹೋಗುತ್ತೇನೆ.

ಅಷ್ಟು ಸಿಟ್ಟಿನಲ್ಲೂ ನೀನು ನನ್ನ ಲ್ಯಾಬ್‌ನ ನೀಲಿ ಕೋಟನ್ನು ಬಾಲ್ಕನಿಯಲ್ಲಿ ಕೊಡವಿ ಕೊಡವಿ ಒಗೆದುಕೊಟ್ಟೆ. ಇಷ್ಟು ಧೂಳು ಎಲ್ಲಿಂದ ತಂದೀ ಅಂತ ಕೆಮ್ಮುತ್ತ ಬೈದೆ. ನಾನು ಬೇಡ ಅನ್ನಬೇಕಿತ್ತು. ಅಂದಿದ್ದರೆ ಯಾಕೆಂದು ನೀನು ಕೇಳುತ್ತಿದ್ದೆ.

ನಿನ್ನ ಮಗಳು,
ವಿಂಧ್ಯಾ

ತಾ.ಕ.: ಪತ್ರ ಮಡಿಸುವಾಗ ಅಪ್ಪನ ಫೋನ್ ಬಂತು. ಮೂರು ದಿನದಿಂದ ನಿಮ್ಮಮ್ಮನ ಬಾಯಾಗೂ ಬಳ್ಳೊಳ್ಳಿ ವಾಸನಿ ಬರ್ಲಿಕತ್ತದ, ಪಾಪ, ಆಕಿನೂ ದೇವರ ಮನಿ ಹೊರಗ ಕೂತಾಳ ಅಂತ ನಗುತ್ತಿದ್ದರು. ಈಗಲೇ ನಿನ್ನನ್ನು ಆಸ್ಪತ್ರೆಗೆ ಕರೆದೊಯ್ಯಲು ಹೇಳಿದ್ದೇನೆ. ಸರ್‌ಗೂ ಎಲ್ಲ ತಿಳಿಸಿ, ಲ್ಯಾಬ್‌ಗೆ ಹೋಗಿ ಕುಲುಮೆ ಆರಿಸಿದೆ. ಈ ಪತ್ರವನ್ನು ಅಂಚೆಗೆ ಹಾಕದೆ ಮುಂದಿನ ರೈಲಿಗೆ ನಾನೇ ತರುತ್ತಿದ್ದೇನೆ. ನೀನು ಒಳಗೆ ಹೋಗಿ ದೇವರಿಗೆ ದೀಪ ಹಚ್ಚು ಅಮ್ಮ, ನೀನೂ ಬೆಳ್ಳುಳ್ಳಿ ತಿಂದಿಲ್ಲ.