ಪ್ರೆಸ್ ಕೊಂಡವಳ ಮಾತು

ಪ್ರೀತಿಯ ಅಮ್ಮ,

ಫೋನಿನಲ್ಲಿ ಹೇಳಿದರೆ ಮಧ್ಯದಲ್ಲೇ ಬೈಯುತ್ತೀಯ ಎಂದು ಬರೆಯುತ್ತಿದ್ದೇನೆ. ಪುಸ್ತಕ ಒತ್ತಿ ಬಿಗಿಯುವ ನಿನ್ನ ಬೈಂಡಿಂಗ್ ಪ್ರೆಸ್ ಮಾರಾಟವಾಯಿತು. ಕೊಂಡವಳು ಲೈಬ್ರರಿಯಲ್ಲಿ ಹರಿದ ಪುಸ್ತಕಗಳನ್ನು ಹೊಲಿಯುವ ಹುಡುಗಿ. ಆನ್‌ಲೈನ್‌ನಲ್ಲೇ ದುಡ್ಡು ಹಾಕಿದಳು. ಆದರೆ ಹಣ ವರ್ಗಾಯಿಸಿದ ಕಂಪನಿ ತನ್ನ ಶುಲ್ಕವನ್ನು ಅದರಲ್ಲೇ ಮುರಿದುಕೊಂಡಿತು. ನಿನಗೆ ಕಡಿಮೆಯಾಗಬಾರದೆಂದು ಅದನ್ನೂ ಅವಳ ಹತ್ತಿರವೇ ಕೇಳಿದೆ. ತಕರಾರಿಲ್ಲದೆ ಕಳಿಸಿದಳು.

ಮರುದಿನ ಪ್ರೆಸ್ ಒಯ್ಯಲು ನನ್ನ ಮನೆಗೆ ಬಂದವಳು, "ಅಕ್ಕಾ, ಶುಲ್ಕ ಸೇರಿಸಿ ಮೊದಲೇ ಬೆಲೆ ಹೇಳಿದ್ದಿದ್ರೆ ಅಷ್ಟೇ ಕೊಡ್ತಿದ್ದೆ. ಆಮೇಲೆ ಕೇಳಿದ್ರಲ್ಲ, ಅದಕ್ಕೆ ಒಂಥರಾ ಆಯ್ತು" ಅಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ನನಗೆ ಮುಖ ಎತ್ತಲಾಗಲಿಲ್ಲ. ಆ ಶುಲ್ಕದ ದುಡ್ಡನ್ನು ಅಲ್ಲೇ ಅವಳ ಕೈಗಿಡಲು ಹೋದೆ.

ತೆಗೆದುಕೊಳ್ಳಲಿಲ್ಲ. "ಇದು ಬೇಡ. ಇದರಲ್ಲಿ ಕೆಲಸ ಮಾಡಿದೋರು ನಂಗೆ ಒಂದ್ಸಲ ಹೇಳಿಕೊಡ್ತಾರಾ?" ಅಂತ ಕೇಳಿದಳು.

"ಅಮ್ಮನ ಮಣಿಕಟ್ಟು ಸೋತಿದೆ. ಹಿಡಿ ತಿರುಗಿಸೋಕಾಗಲ್ಲ."

"ತಿರುಗಿಸೋಕೆ ನಾನಿದ್ದೀನಲ್ಲ. ಎಷ್ಟು ಬಿಗಿ ಮಾಡ್ಬೇಕು ಅಂತ ಅವರು ಹೇಳಿದ್ರೆ ಸಾಕು."

ಅಮ್ಮ, ಕೆಲಸ ಬಿಟ್ಟ ಮೇಲೆ ನೀನು ಕಿಟಕಿ ಪಕ್ಕದ ಕುರ್ಚಿ ಬಿಟ್ಟು ಏಳುವುದೇ ಇಲ್ಲ ಅಂತ ನಿನ್ನ ಜೊತೆಗಿರುವ ಅಕ್ಕ ಹೇಳುತ್ತಾಳೆ. ಭಾನುವಾರ ಬೆಳಿಗ್ಗೆ ಬಂದು ನಿನ್ನನ್ನು ಆ ಹುಡುಗಿಯ ಮನೆಗೆ ಕರೆದೊಯ್ಯುತ್ತೇನೆ. ಸಡಿಲವಾಗಿರುವ ಕನ್ನಡಕವನ್ನು ಅಷ್ಟರಲ್ಲಿ ಸರಿಮಾಡಿಸಿಕೋ. ಉಳಿದ ಸೂಜಿ, ದಾರ ಮಾರುವ ಯೋಚನೆ ಸದ್ಯಕ್ಕೆ ಬೇಡ, ಎಲ್ಲ ಚೀಲಕ್ಕೆ ಹಾಕಿಟ್ಟಿರು.

ನಿನ್ನನ್ನು ಏನಂತ ಕರೆಯಬೇಕು ಎಂದು ಕೇಳಿದಳು. "ಟೀಚರ್ ಅಂತ ಕರೆ" ಎಂದು ಹೇಳಿಬಿಟ್ಟಿದ್ದೇನೆ. ಕರೆದಾಗ ಓಗೊಡು.

ನಿನ್ನ
ಚಿಕ್ಕ ಮಗಳು