ನನ್ನ ಹೆಸರಿನಲ್ಲಿ ನಿಂತ ಮೆರವಣಿಗೆ

ಮಾನ್ಯ ಸಮುದಾಯ ಸಾಮರಸ್ಯ ಅಧಿಕಾರಿಗಳೇ,

ನಮ್ಮೂರಿನ ಚರ್ಚು ನಡೆಸುವ ವಿಟ್ ಶುಕ್ರವಾರದ ಮೆರವಣಿಗೆಯನ್ನು ತಾವು ನಿಲ್ಲಿಸಿದಿರಿ. ಅದಕ್ಕೆ ಕಾರಣವೆಂದು ತೋರಿಸಿದ್ದು ನನ್ನನ್ನು. ನನ್ನ ದೂರು ಇಷ್ಟೇ.

"ನಿಲ್ಲಿಸಿಲ್ಲ, ಮಾರ್ಪಡಿಸಿದ್ದೇವೆ" ಎಂದು ತಾವು ಹೇಳುತ್ತೀರಿ. ಆಗಲಿ. ಶಿಲುಬೆಯ ಚಿತ್ರವಿರುವ ಬ್ಯಾನರ್ ಬೇಡ, ಪ್ರಾರ್ಥನೆಯ ಹಾಡು ಬೇಡ, ಹಳೆಯ ಹೆಸರೂ ಬೇಡ. ಉಳಿದದ್ದನ್ನು 'ವಸಂತ ಸಮುದಾಯ ನಡಿಗೆ' ಎಂದು ಕರೆಯತಕ್ಕದ್ದು, ಒಪ್ಪಿದರೆ ಮಾತ್ರ ಸ್ಥಳೀಯ ಕೌನ್ಸಿಲ್ ವಾಹನ ಸಂಚಾರ ತಡೆದು ರಸ್ತೆ ಮುಚ್ಚಿಕೊಡುತ್ತದೆ. ಕೈಕಾಲು ಕತ್ತರಿಸಿ ಜೀವ ಉಳಿಸುವ ಶಸ್ತ್ರಚಿಕಿತ್ಸೆಯನ್ನು ವೈದ್ಯೆಯಾಗಿ ನಾನೂ ಕಂಡಿದ್ದೇನೆ. ಆದರೆ ಅಲ್ಲಿ ರೋಗವಾದರೂ ಇರುತ್ತದೆ.

ಈ ಪತ್ರದ ಇಂಗ್ಲಿಷ್ ಪ್ರತಿ ತಮ್ಮ ಕಚೇರಿ ತಲುಪಿದೆ. ಕನ್ನಡದಲ್ಲಿ ಪ್ರಕಟಿಸುತ್ತಿರುವುದು ನನ್ನಂತೆಯೇ, ತಮಗೇ ತಿಳಿಯದೆ, 'ನೊಂದವರ' ಸಾಲಿಗೆ ಸೇರಿಹೋಗಿರುವ ನನ್ನವರಿಗಾಗಿ. ಅವರಿಗೆ ನಡೆದದ್ದನ್ನು ಹೇಳಬೇಕು.

ನಾನು ಹುಣಸೂರಿನವಳು. ಮ್ಯಾಂಚೆಸ್ಟರಿನ ಪೂರ್ವಕ್ಕೆ, ಗುಡ್ಡಗಳ ನಡುವಿನ ಈ ಪುಟ್ಟ ಊರಿನಲ್ಲಿ ಜಿಪಿ, ಅಂದರೆ ಊರಿನ ಸಾಮಾನ್ಯ ವೈದ್ಯೆ. ಪತಿ ದಿವಾಕರ ಮೀಡಿಯಾಸಿಟಿ ಎಂಬ ಟಿವಿ ಕೇಂದ್ರದಲ್ಲಿ ಕೆಲಸ ಮಾಡುತ್ತಾರೆ. ಮಗಳು ಮೇಧಾ ಇಲ್ಲೇ ಹುಟ್ಟಿದವಳು. ನಾವು ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರಿಸುತ್ತಾಳೆ. ಅವಳು ಶಾಲೆ ಸೇರಿದ ಮೊದಲ ಚಳಿಗಾಲದಲ್ಲಿ ದಿವಾಕರ ಹಿಮದ ಮೇಲೆ ಜಾರಿ ಕಾಲು ಮುರಿದುಕೊಂಡು ಆಸ್ಪತ್ರೆ ಸೇರಿದರು. ನನಗೆ ರಜೆ ಸಿಗಲಿಲ್ಲ. ಆಗ ಮೇಧಾಳನ್ನು ಶಾಲೆಯಿಂದ ಕರೆತಂದು, ಊಟ ಹಾಕಿ, ನಾನು ಬರುವವರೆಗೆ ನೋಡಿಕೊಂಡವರು ಪಕ್ಕದ ಮನೆಯ ಮೌರೀನ್ ಮತ್ತು ಡೆರಿಕ್ ಹಾಲ್‌ರಾಯ್ಡ್. ಯಾವ ಸಾಮರಸ್ಯ ಯೋಜನೆಯೂ ಅವರನ್ನು ಕಳುಹಿಸಿರಲಿಲ್ಲ.

ಮೆರವಣಿಗೆಯ ಬ್ಯಾನರ್ ಹೊರುವವರು ಡೆರಿಕ್. ಈಸ್ಟರ್ ಕಳೆದು ಕೆಲವು ವಾರಗಳಿಗೆ ಬರುವ ಆ ಶುಕ್ರವಾರ ಹಿತ್ತಾಳೆ ವಾದ್ಯದ ಬ್ಯಾಂಡು ಮುಂದೆ, ಚರ್ಚಿನ ಬ್ಯಾನರ್ ಹಿಂದೆ, ಅದರಿಂದ ಇಳಿಬಿಟ್ಟ ರಿಬ್ಬನ್ನುಗಳನ್ನು ಹಿಡಿದು ಮಕ್ಕಳು. ಒಂದು ವರ್ಷ ತಾನೂ ಹಿಡಿಯಬೇಕೆಂದು ಮೇಧಾ ಹಟ ಹಿಡಿದಳು. ಹಿಂದೂಗಳ ಮಗು ಹಿಡಿಯಬಹುದೇ ಎಂದು ನಾನು ಹಿಂಜರಿಯುತ್ತಲೇ ಕೇಳಿದೆ.

"ಅವಳಿಗೆ ಕೈ ಇದೆಯಲ್ಲ, ಲವ್? ಅಷ್ಟು ಸಾಕು" ಎಂದರು ಡೆರಿಕ್.

ಇಲ್ಲಿಯವರು ತರಕಾರಿ ಅಂಗಡಿಯಲ್ಲೂ ಎಲ್ಲರನ್ನೂ 'ಲವ್' ಎಂದೇ ಕರೆಯುತ್ತಾರೆ. ನನಗದು ಅಭ್ಯಾಸವಾಗಿ, ಆಮೇಲೆ ಇಷ್ಟವಾಗಿತ್ತು.

ಈ ವರ್ಷ ಊರಿನ ಫಲಕಗಳ ಮೇಲೆ ತಮ್ಮ ಪ್ರಕಟಣೆ ಬಂತು: 'ಅನ್ಯಧರ್ಮೀಯ ನಿವಾಸಿಗಳ ಭಾವನೆಗಳನ್ನು ಗೌರವಿಸಿ ಮೆರವಣಿಗೆಯನ್ನು ಮಾರ್ಪಡಿಸಲಾಗಿದೆ.' ಮಾನ್ಯರೇ, ನಮ್ಮ ಬೀದಿಯಲ್ಲಿ ಅನ್ಯಧರ್ಮೀಯ ಮನೆ ಇರುವುದು ಒಂದೇ. ತಾವು ನನ್ನ ಹೆಸರು ಬರೆಯಲಿಲ್ಲ, ನಿಜ. ಬರೆಯುವ ಅಗತ್ಯವೇ ಇರಲಿಲ್ಲ.

ಮೌರೀನ್ ಬೇಲಿಯಾಚೆಯಿಂದ ಮಾತಾಡುವುದನ್ನು ಬಿಟ್ಟರು. ಡೆರಿಕ್ ನನ್ನನ್ನು 'ಡಾಕ್ಟರ್' ಎಂದು ಕರೆಯತೊಡಗಿದರು. ರಕ್ತದೊತ್ತಡ ನೋಡಿಸಿಕೊಳ್ಳಲು ಬಂದ ಒಬ್ಬರು ತೋಳು ಚಾಚಿ ಕುಳಿತು, "ಅಂತೂ ನಿಮಗೆ ಬೇಕಾದ್ದು ಆಯ್ತಲ್ಲ" ಎಂದರು. 'ನಿಮ್ಮ ಊರನ್ನು ಮರಳಿ ಪಡೆಯಿರಿ' ಎಂಬ ಕರಪತ್ರಗಳು ಮನೆಮನೆಯ ಬಾಗಿಲಿಗೆ ಬಿದ್ದವು. ನಮ್ಮ ಬಾಗಿಲಿಗೂ ಒಂದು ಬಿತ್ತು. ಒಂದು ಸಂಜೆ ಮೇಧಾ ಶಾಲೆಯ ಚೀಲ ಕೆಳಗಿಡದೆ ನಿಂತೇ ಕೇಳಿದಳು: "ಅಮ್ಮಾ, ಡಿಡ್ ಯು ಸ್ಟಾಪ್ ಇಟ್?"

"ಇಲ್ಲ ಪುಟ್ಟಾ. ಯಾರಂದ್ರು ನಿಂಗೆ?"

"ಎವ್ರಿಬಡಿ."

ಮರುದಿನವೇ ತಮ್ಮ ಕಚೇರಿಗೆ ಬಂದೆ. ತಾವು ಸಭೆಯಲ್ಲಿದ್ದಿರಿ. ತಮ್ಮ ಸಹಾಯಕರು ಬಹಳ ಸೌಜನ್ಯದವರು.

"ದೂರು ಕೊಟ್ಟವರು ಯಾರು?" ಎಂದೆ.

"ಹಾಗೆ ನಿರ್ದಿಷ್ಟವಾಗಿ ಯಾರೂ ಕೊಟ್ಟಿಲ್ಲ. ಇದು ಮುಂಜಾಗ್ರತೆ. ನಿಮ್ಮಂಥವರಿಗೆ ನೋವಾಗಬಹುದು ಅಂತ..."

"ನನಗೆ ನೋವಾಗಿಲ್ಲ."

"ನೀವು ಎಲ್ಲರ ಪ್ರತಿನಿಧಿ ಅಲ್ಲವಲ್ಲ, ಡಾಕ್ಟರ್."

"ನೀವು ಹೌದೇ?"

ಅವರು ನನಗೆ ನೀರು ಬೇಕೇ ಎಂದು ಕೇಳಿದರು.

ರೋಗಿಯನ್ನು ನೋಡದೆ, ನಾಡಿ ಹಿಡಿಯದೆ ರೋಗವಿದೆಯೆಂದು ಬರೆದುಕೊಟ್ಟರೆ ನನ್ನ ವೃತ್ತಿಯಲ್ಲಿ ಉಳಿಗಾಲವಿಲ್ಲ. ತಮ್ಮ ವೃತ್ತಿಯಲ್ಲಿ ಅದಕ್ಕೆ ಸಂವೇದನಾಶೀಲತೆ ಎಂಬ ಹೆಸರಿದೆಯೇ? ಹಿಂದೊಮ್ಮೆ ನನಗೆ ನಿಜಕ್ಕೂ ನೋವಾಗಿತ್ತು. ಒಬ್ಬಾತ "ಸರಿಯಾದ ಡಾಕ್ಟರನ್ನು ಕರೆಯಿರಿ" ಎಂದು ನನ್ನ ಮುಖಕ್ಕೇ ಹೇಳಿದಾಗ ತಮಗೇ ಬರೆದಿದ್ದೆ. ತಾಳ್ಮೆ ಇರಲಿ ಎಂಬ ಉತ್ತರ ಬಂತು. ಆದ ನೋವಿಗೆ ತಾಳ್ಮೆ, ಆಗದ ನೋವಿಗೆ ಆದೇಶ. ಇದು ಯಾವ ನ್ಯಾಯ?

ನನ್ನನ್ನು ಸಂಪ್ರದಾಯವಾದಿ ಎಂದು ಕರೆಯಿರಿ, ಬೇಸರವಿಲ್ಲ. ಹಿಂದಿನವರು ಬಿಟ್ಟುಹೋದದ್ದನ್ನು ಮುಂದಿನವರಿಗೆ ದಾಟಿಸುವುದು ಪ್ರತಿ ತಲೆಮಾರಿನ ಮೊದಲ ಕೆಲಸವೆಂದು ನಂಬಿದವಳು ನಾನು. ನನ್ನ ಮನೆಯಲ್ಲಿ ಗೌರಿ ಕೂರಿಸುತ್ತೇನೆ. ಹಾಗೆಂದೇ ಪಕ್ಕದ ಮನೆಯವರ ಬ್ಯಾನರಿನ ಬೆಲೆ ನನಗೆ ಅರ್ಥವಾಗುತ್ತದೆ. ತನ್ನದೆಂಬುದು ಏನೂ ಇಲ್ಲದವನು ನೆಂಟನಿಗೆ ಏನನ್ನು ಹಂಚಿಯಾನು? ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎನ್ನುತ್ತದೆ ನಮ್ಮ ಗಾದೆ. ನಾವು ನೀರಿಗೆ ಬಂದೆವು. ತಾವು ಬಾವಿಯನ್ನೇ ಮುಚ್ಚಿ, ನಮ್ಮ ದಾಹಕ್ಕೆ ಗೌರವ ಸಲ್ಲಿಸಿದ್ದೇವೆ ಎಂದಿರಿ. ಈ ಪಾಶ್ಚಾತ್ಯ ಸಮಾಜ ತನ್ನ ಬಗ್ಗೆ ತಾನೇ ನಾಚಿಕೊಳ್ಳುವ ಹೊಸ ರೋಗಕ್ಕೆ ಬಿದ್ದಿದೆ. ಆ ನಾಚಿಕೆಯ ಹೊರೆಯನ್ನು ನಮ್ಮ ತಲೆಯ ಮೇಲೆ ಹೊರಿಸುವುದೇಕೆ?

ಅಂದು ಸಂಜೆ ಡೆರಿಕ್ ಅವರ ಬಾಗಿಲು ತಟ್ಟಿ, ಕಚೇರಿಯಲ್ಲಿ ನಡೆದದ್ದನ್ನು ಹೇಳಿದೆ. ಅವರು "ಸುಳ್ಳು ಹೇಳಲ್ಲ. ನೀವೇ ಅಂದ್ಕೊಂಡಿದ್ದೆ" ಎಂದರು.

"ಬಂದು ಕೇಳಬಹುದಿತ್ತಲ್ಲ?"

"ಕೇಳಿದ್ರೆ ಅದಕ್ಕೂ ದ್ವೇಷ ಅಂತ ಹೆಸರಿಡ್ತಾರೇನೋ ಅಂತ ಭಯ ಆಯ್ತು."

ನೆರೆಯವನು ನೆರೆಯವಳನ್ನು ಒಂದು ಮಾತು ಕೇಳಲು ಹೆದರುವ ಊರು. ತಮ್ಮ ಇಲಾಖೆಯ ಸಾಧನೆ ಇದು.

ವಿಟ್ ಶುಕ್ರವಾರ ತಮ್ಮ ನಡಿಗೆಗೆ ಬಲೂನುಗಳು ಬಂದವು, ಜನ ಬರಲಿಲ್ಲ. ಡೆರಿಕ್ ಮತ್ತು ಕೆಲವರು ಬ್ಯಾನರ್ ಎತ್ತಿಕೊಂಡು ಫುಟ್‌ಪಾತಿನ ಮೇಲೆಯೇ ಹೊರಟರು. ಅವರಿಗೆ ರಸ್ತೆ ಮುಚ್ಚಿಕೊಡದ ಕಾರಣ ಬ್ಯಾಂಡು ಇರಲಿಲ್ಲ. ಪಕ್ಕದಲ್ಲೇ ಬಸ್ಸುಗಳು ಓಡುತ್ತಿದ್ದವು. ನಾವು ಮೂವರೂ ಹೋದೆವು. ಮೇಧಾ ರಿಬ್ಬನ್ನಿಗೆ ಕೈಯಿಟ್ಟಾಗ ಹಿಂದಿನಿಂದ ಒಬ್ಬಾಕೆ, "ಎಲ್ಲ ಮಾಡಿಬಿಟ್ಟು ಈಗ್ಯಾಕೆ?" ಎಂದರು. ಮೌರೀನ್ ತಿರುಗಿ, "ಅವರು ಏನೂ ಮಾಡಿಲ್ಲ" ಎಂದರು. ಆಕೆ ನಂಬಿದಂತೆ ಕಾಣಲಿಲ್ಲ. ಮೇಧಾ ರಿಬ್ಬನ್ನು ಬಿಟ್ಟು ನನ್ನ ಕೋಟಿನ ತೋಳು ಹಿಡಿದಳು, ಚರ್ಚು ತಲುಪುವವರೆಗೂ ಬಿಡಲಿಲ್ಲ.

ಒಂಬತ್ತು ವರ್ಷದ ಈ ಮಗು ತಾನು ಹುಟ್ಟಿದ ಊರಿನಲ್ಲಿ ಮೊದಲ ಬಾರಿಗೆ ಹೊರಗಿನವಳಾದದ್ದು ಹೀಗೆ.

ಮಾನ್ಯರೇ, ಮುಂದಿನ ವರ್ಷ ಹಳೆಯ ಹೆಸರಿಗೇ ರಸ್ತೆ ಮುಚ್ಚಿಕೊಡಿ. ಅದಕ್ಕೂ ಮೊದಲು, ಪ್ರಕಟಣೆ ಹಾಕಿದ ಫಲಕಗಳ ಮೇಲೆಯೇ, ಅಷ್ಟೇ ದಪ್ಪ ಅಕ್ಷರಗಳಲ್ಲಿ ಎರಡು ವಾಕ್ಯ ಬರೆಸಿ: 'ಇದನ್ನು ಯಾರೂ ಕೇಳಿರಲಿಲ್ಲ. ನಾವೇ ನಿರ್ಧರಿಸಿದೆವು.' ಕ್ಷಮೆ ಬೇಡ, ಅದನ್ನು ತಾವು ಬಹಳ ಸುಲಭವಾಗಿ ಕೇಳುತ್ತೀರಿ. ನನಗೆ ಬೇಕಾಗಿರುವುದು ಸತ್ಯ, ನನ್ನ ಮಗಳು ಶಾಲೆಗೆ ಹೋಗುವ ದಾರಿಯಲ್ಲಿ ಓದುವಂತೆ.

ಇಂತಿ,
ತಮ್ಮ ಊಹೆಯಷ್ಟು ನೋಯಲಾಗದ್ದಕ್ಕೆ ವಿಷಾದಿಸುತ್ತಿರುವ
ಡಾ. ಪುಟ್ಟಲಕ್ಷ್ಮಿ ದಿವಾಕರ